ಹನ್ನೆರಡು ಸುತ್ತು, ಮೇಲೊಂದು ಕೊಸರು

ಒಂದು ಪ್ಲಾಸ್ಟಿಕ್ ಬಕೆಟ್‌ಗೆ ನೂರೈವತ್ತು ರೂಪಾಯಿ. ಮೆತ್ತನೆಯ ಹುಲ್ಲಿನ ಪೊರಕೆಗೆ ತೊಂಬತ್ತು. ಪೆನ್ಸಿಲ್‌ಗೆ ಐದು. ಒರೆಸುವ ಬಟ್ಟೆ ಹಳೆಯ ಪಂಚೆಯದು, ಅದಕ್ಕೆ ದುಡ್ಡಿಲ್ಲ. ಒಟ್ಟು ಇನ್ನೂರ ನಲವತ್ತೈದು ರೂಪಾಯಿಯ ಸಾಮಾನು. ಇಷ್ಟನ್ನು ಹಿಡಿದುಕೊಂಡು ಅಂದಾನಿ ದಿನಾ ನೋಡಿಕೊಳ್ಳುವ ಡಿಶ್ ಆಂಟೆನಾಗಳಲ್ಲಿ ದೊಡ್ಡದೊಂದರ ಬೆಲೆ ಕೋಟಿ ರೂಪಾಯಿಗೂ ಮೇಲೆ.

ಬೆಳಗಿನ ಐದೂವರೆ. ತಾಂಬರಂ ದಾಟಿ ಒಳರಸ್ತೆಯಲ್ಲಿ ನಾಲ್ಕು ಕಿಲೋಮೀಟರು ಹೋದರೆ ಸಿಗುವ ಖಾಸಗಿ ಉಪಗ್ರಹ ಕೇಂದ್ರ ಇದು. ಹೆಸರು ಬರೆಯುವುದು ಬೇಡ ಎಂದು ಅಲ್ಲಿಯವರು ಕೇಳಿಕೊಂಡಿದ್ದಾರೆ. ಆವರಣದಲ್ಲಿ ಹನ್ನೊಂದು ಬಿಳಿ ಡಿಶ್‌ಗಳು. ಚೆನ್ನೈನಿಂದ ಉಪಗ್ರಹಗಳು ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುವುದರಿಂದ ಇವೆಲ್ಲ ಅಂಗಾತ ಮಲಗಿಸಿದ ಬಾಣಲೆಗಳ ಹಾಗೆ ಆಕಾಶ ನೋಡುತ್ತಿವೆ. ಬಾಣಲೆಗೆ ಬೀಳುವುದೆಲ್ಲ ಇವಕ್ಕೂ ಬೀಳುತ್ತದೆ: ಬೇವಿನ ಎಲೆ, ಕಾಗೆ ತಂದ ತಂತಿ ಚೂರು, ಗಾಳಿಪಟದ ಬಾಲ, ಒಮ್ಮೆ ಯಾರದೋ ಮದುವೆಮನೆಯ ಬಲೂನು. ನೀರು ಹರಿದುಹೋಗುವ ತೂತು ಕಟ್ಟಿಕೊಂಡರೆ ಮಳೆಗಾಲದಲ್ಲಿ ಒಳಗೆ ಕೆರೆಯಾಗುತ್ತದೆ.

ಐವತ್ತೇಳರ ಅಂದಾನಿ ಚಪ್ಪಲಿ ಬಿಟ್ಟು ಏಣಿ ಹತ್ತುತ್ತಾರೆ. ಅದಕ್ಕೂ ಮೊದಲು ಅಂಗಿಯ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಅಲ್ಲಿ ಒಂದು ಕೀಲಿಕೈ ಇದೆ. ಡಿಶ್‌ನಿಂದ ಮೇಲಕ್ಕೆ ಸಿಗ್ನಲ್ ಕಳಿಸುವ ಯಂತ್ರವನ್ನು ನಿಲ್ಲಿಸಿ, ಅದರ ಕೀಲಿಕೈಯನ್ನು ಇವರ ಕೈಗೆ ಕೊಟ್ಟ ಮೇಲೆಯೇ ಇವರು ಒಳಗೆ ಕಾಲಿಡುವುದು.

“ಒಳಗೆ ನಾನಿದ್ದಾಗ ಯಾರೋ ಸ್ವಿಚ್ ಒತ್ತುದ್ರೆ ನಾನು ಬೆಂದೋಯ್ತೀನಿ. ಕೀಲಿ ನನ್ ಜೇಬಲ್ಲಿದ್ರೆ ಯಾರೂ ಒತ್ತಕ್ಕಾಗಕ್ಕಿಲ್ಲ. ಅಷ್ಟೇಯ,” ಎನ್ನುತ್ತಾರೆ. ಒಂದು ಡಿಶ್‌ಗೆ ಹದಿನಾಲ್ಕು ಮೆಟ್ಟಿಲು. ಹನ್ನೊಂದಕ್ಕೆ ನೂರ ಐವತ್ತನಾಲ್ಕು. ಹತ್ತಿದಷ್ಟೇ ಇಳಿಯಲೂ ಬೇಕು. ಬಿಸಿಲೇರಿ ತಗಡು ಕಾಯುವುದರೊಳಗೆ, ಅಂದರೆ ಎಂಟು ಗಂಟೆಗೆ, ಎಲ್ಲ ಮುಗಿದಿರಬೇಕು.

ಇವರು ಮಳವಳ್ಳಿ ಕಡೆಯವರು. ಕೋಯಂಬೇಡು ಮಾರುಕಟ್ಟೆ ಹೊಸದಾಗಿ ಶುರುವಾದ ವರ್ಷ ತೆಂಗಿನಕಾಯಿ ಲಾರಿಯ ಜೊತೆಗೆ ಬಂದು, ಅಲ್ಲೇ ಕಾಯಿ ಇಳಿಸುವ ಕೂಲಿಗೆ ನಿಂತರು. ಎರಡು ವರ್ಷದ ಮೇಲೆ ಒಬ್ಬ ಕೇಬಲ್ ಟಿವಿಯವನು ಟಿ. ನಗರದ ನಾಲ್ಕು ಮಹಡಿಯ ಮೇಲಕ್ಕೆ ಡಿಶ್ ಹೊರಲು ಗಟ್ಟಿ ಆಳು ಹುಡುಕಿಕೊಂಡು ಮಾರುಕಟ್ಟೆಗೆ ಬಂದ. ಇವರು ಹೊತ್ತರು. ಹೊತ್ತು ಹಾಕಿದ ಮೇಲೆ ಅದನ್ನು ಯಾವ ದಿಕ್ಕಿಗೆ ತಿರುಗಿಸುತ್ತಾರೆಂದು ನಿಂತು ನೋಡಿದರು. ಕಲಿತದ್ದು ಹಾಗೆ. ಈ ಕೇಂದ್ರಕ್ಕೆ ಬಂದು ಹತ್ತೊಂಬತ್ತು ವರ್ಷವಾಯಿತು, ಇನ್ನೂ ಗುತ್ತಿಗೆಯ ಮೇಲೆಯೇ ಇದ್ದಾರೆ.

ಉಪಗ್ರಹ ಎಂದರೇನು ಎಂದು ಕೇಳಿದರೆ ಅವರು ಹೇಳುವುದು ಇಷ್ಟು: “ಮೂವತ್ತಾರು ಸಾವಿರ ಕಿಲೋಮೀಟರ್ ಮೇಲೆ ಒಂದು ಪೆಟ್ಟಿಗೆ ಐತೆ. ಭೂಮಿ ತಿರುಗಿದಂಗೆ ಅದೂ ತಿರುಗ್ತದೆ. ಅದಕ್ಕೇ ನಮಗೆ ನಿಂತಂಗೆ ಕಾಣ್ತದೆ. ಅದು ನಿಂತಿರ್ತದೆ ಅಂತ ನಂಬ್ಕೊಂಡೇ ನಾವು ಡಿಶ್‌ನ ಬಿಗಿದಿರೋದು. ನಾವು ಒಂಚೂರು ಜರುಗುದ್ರೂ ಅದು ಸಿಗಕ್ಕಿಲ್ಲ.”

ಅವರ ಹೆಂಡತಿ ಚಿಕ್ಕತಾಯಮ್ಮನಿಗೆ ಈ ವಿವರಣೆಯ ಮೇಲೆ ದೊಡ್ಡ ಗೌರವವೇನಿಲ್ಲ. “ಊರಿಗೆಲ್ಲಾ ಡಿಶ್ ಸರಿ ಮಾಡ್ತಾರೆ. ಮನೆ ಟಿವಿ ಹೋದ್ರೆ ಮಾತ್ರ ಅಂಗಡಿಯೋನ್ ಕರೀಬೇಕು ಅಂತಾರೆ,” ಎಂದು ಸೊಪ್ಪು ಬಿಡಿಸುತ್ತಲೇ ನಗುತ್ತಾರೆ.

ಅಂದಾನಿಯ ನಿಜವಾದ ಉಪಕರಣ ಆ ಐದು ರೂಪಾಯಿಯ ಪೆನ್ಸಿಲು. ವರ್ಷಕ್ಕೆ ಎರಡು ಸಲ, ಮಾರ್ಚ್‌ನಲ್ಲೊಮ್ಮೆ ಮತ್ತು ಸೆಪ್ಟೆಂಬರ್ ಕೊನೆಗೊಮ್ಮೆ, ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಆ ಹೊತ್ತಿನಲ್ಲಿ ಡಿಶ್‌ಗೆ ಉಪಗ್ರಹದ ಸಣ್ಣ ದನಿಗಿಂತ ಸೂರ್ಯನ ಗದ್ದಲವೇ ಹೆಚ್ಚಾಗಿ ಕೇಳಿ, ಕೆಲವು ನಿಮಿಷ ಸಿಗ್ನಲ್ ಹೋಗುತ್ತದೆ. ಎಂಜಿನಿಯರುಗಳಿಗೆ ಅದು ಕಿರಿಕಿರಿಯಾದರೆ ಅಂದಾನಿಗೆ ಪುಕ್ಕಟೆ ಅಳತೆಗೋಲು. ಡಿಶ್‌ನ ಮುಂದೆ ಕಾಲುಗಳ ಮೇಲೆ ನಿಲ್ಲಿಸಿದ, ಸಿಗ್ನಲ್ ಹಿಡಿಯುವ ದುಂಡನೆಯ ಕೊಂಬಿದೆಯಲ್ಲ, ಡಿಶ್ ಸರಿಯಾಗಿ ಉಪಗ್ರಹವನ್ನೇ ನೋಡುತ್ತಿದ್ದರೆ ಆ ಹೊತ್ತಿಗೆ ಅದರ ನೆರಳು ಡಿಶ್‌ನ ನಟ್ಟನಡುವಿನ ತಗಡಿನ ಮೇಲೇ ಬೀಳಬೇಕು. ಪ್ರತಿ ಡಿಶ್‌ನ ನಡುವೆಯೂ ಇವರು ಪೆನ್ಸಿಲಿನಿಂದ ಆ ನೆರಳಿನ ಸುತ್ತು ಗುರುತು ಹಾಕಿಟ್ಟಿದ್ದಾರೆ. ಯಾರೂ ಹೇಳಿದ್ದಲ್ಲ.

ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಆ ಗುರುತು ಕೆಲಸಕ್ಕೆ ಬಂತು.

ಕೇಂದ್ರದ ಏಳನೇ ಡಿಶ್ ಸಮುದ್ರಕ್ಕೆ ಹೋದ ಮೀನುಗಾರರ ದೋಣಿಗಳಿಗೆ ಸಂದೇಶ ಕಳಿಸುವಂಥದ್ದು. ದಡದಿಂದ ದೂರ ಹೋದರೆ ಮೊಬೈಲ್ ಸಿಗುವುದಿಲ್ಲ. ದೋಣಿಯಲ್ಲೊಂದು ಸಣ್ಣ ಪೆಟ್ಟಿಗೆ ಇರುತ್ತದೆ, ಉಪಗ್ರಹದ ಮೂಲಕ ಬಂದ ಎಚ್ಚರಿಕೆ ಅದರಲ್ಲಿ ಕಾಣುತ್ತದೆ. ‘ಓದಿದೆವು’ ಎಂದು ಅವರು ಒತ್ತಿದರೆ ಇಲ್ಲಿ ತೆರೆಯ ಮೇಲೆ ಹಸಿರು ಚುಕ್ಕೆ ಬೀಳುತ್ತದೆ.

ಆ ಸೋಮವಾರ ಏಳನೇ ಡಿಶ್‌ನ ದಿಕ್ಕನ್ನು ಅಳೆಯುವ ಸಲಕರಣೆ ಬದಲಾಯಿಸಿದರು. ಅದರ ಬೋಲ್ಟು ಕೈಗೆ ಸಿಗಬೇಕಾದರೆ ಡಿಶ್‌ನ ಪಕ್ಕದ ಹಿಡಿ ತಿರುಗಿಸಿ ಇಡೀ ಡಿಶ್ಶನ್ನು ಪಶ್ಚಿಮಕ್ಕೆ ಸ್ವಲ್ಪ ಸರಿಸಬೇಕು. ಕೆಲಸ ಮುಗಿದ ಮೇಲೆ ಅಷ್ಟೇ ಸುತ್ತು ವಾಪಸು ತಿರುಗಿಸಬೇಕು. ಪಶ್ಚಿಮಕ್ಕೆ ತಿರುಗಿಸಿದ್ದು ಅಂದಾನಿ. ಹನ್ನೆರಡು ಸುತ್ತು ಎಂದು ಗಟ್ಟಿಯಾಗಿ ಎಣಿಸಿ ಹೇಳಿದರು. ಎಂಜಿನಿಯರ್ ಶಂಕರನಾರಾಯಣ ಹಾಳೆಯಲ್ಲಿ ಬರೆದುಕೊಂಡರು. ವಾಪಸು ತಿರುಗಿಸುವಾಗ ಶಂಕರನಾರಾಯಣರೇ ಹಾಳೆ ನೋಡಿಕೊಂಡು ಹನ್ನೆರಡು ಸುತ್ತು ಹಾಕಿದರು. ಹೊಸ ಸಲಕರಣೆಗೆ ಹಳೆಯ ಅಂಕಿಯನ್ನೇ ಕೊಟ್ಟರು. ತೆರೆಯ ಮೇಲೆ ಎಲ್ಲವೂ ಮೊದಲಿನ ಹಾಗೇ ಕಂಡಿತು.

ಬುಧವಾರ ಬೆಳಿಗ್ಗೆ ಮೂರನೇ ಡಿಶ್‌ಗೆ ಹವಾಮಾನ ಉಪಗ್ರಹದ ಚಿತ್ರ ಬಂತು. ಕೊಲ್ಲಿಯ ನಡುವೆ ಹಿಂದಿನ ದಿನ ಹತ್ತಿಯ ಉಂಡೆಯಂತಿದ್ದ ಮೋಡ ಈಗ ಸುರುಳಿ ಸುತ್ತಿಕೊಂಡಿತ್ತು. ದೋಣಿಗಳು ರಾತ್ರಿಯೊಳಗೆ ದಡ ಸೇರಬೇಕೆಂಬ ಎಚ್ಚರಿಕೆ ಹೊರಟಿತು. ಹತ್ತಿರದ ಬಂದರಿನಿಂದ ಹೋಗಿದ್ದ ದೋಣಿ ನಲವತ್ತೊಂದು. ತೆರೆಯ ಮೇಲೆ ಬಿದ್ದ ಹಸಿರು ಚುಕ್ಕೆ ಹದಿಮೂರು. ಮತ್ತೆ ಕಳಿಸಿದರು. ಹದಿಮೂರೇ. ಬಿರುಗಾಳಿ ಕಣ್ಣಿಗೆ ಕಾಣುತ್ತಿದೆ, ಅದರ ದಾರಿಯಲ್ಲಿರುವವರಿಗೆ ಮಾತ್ರ ಹೇಳಲಾಗುತ್ತಿಲ್ಲ.

ಸಿಗ್ನಲ್ ಕಳಿಸುವ ಯಂತ್ರದ ಶಕ್ತಿ ಕಡಿಮೆಯಾಗಿದೆ ಎಂದು ಶಂಕರನಾರಾಯಣ ಲೆಕ್ಕ ಹಾಕಿದರು. ಬದಲಿ ಭಾಗ ಹೈದರಾಬಾದಿನಿಂದ ಬರಬೇಕು, ಎರಡು ದಿನ.

ಎರಡು ದಿನದ ಮಾತು ಗೇಟಿನ ಎದುರು ಇಡ್ಲಿ ಅಂಗಡಿಯ ಜಯಲಕ್ಷ್ಮಿಯ ಕಿವಿಗೂ ಬಿತ್ತು. ಅವಳ ತಮ್ಮ ಆ ನಲವತ್ತೊಂದರಲ್ಲಿ ಒಂದು ದೋಣಿಯ ಮೇಲಿದ್ದ. ಹತ್ತೊಂಬತ್ತು ವರ್ಷದಿಂದ ಅಂದಾನಿ ಬೆಳಗಿನ ತಿಂಡಿ ತಿನ್ನುವುದು ಅವಳಲ್ಲೇ. “ಅಣ್ಣೇ, ನೀವು ದಿನಾ ಗುಡಿಸ್ತೀರಲ್ಲ, ಆ ಡಿಶ್ಶೇನಾ? ಅದಕ್ಕೇನಾಯ್ತು?” ಎಂದು ತಮಿಳಿನಲ್ಲಿ ಕೇಳಿದಳು. ಅಂದಾನಿ ಇಡ್ಲಿ ಬಿಟ್ಟು ಎದ್ದರು.

“ಅವಳಿಗೆ ಏನ್ ಯೋಳಾನೆ? ಬೆಳಗ್ಗೆ ಗುಡಿಸ್ದಾಗ ಎಲ್ಲಾ ಸರಿಯಾಗೇ ಇತ್ತಲ್ಲ ಅನ್ಕೊಂಡೆ. ಆಮೇಲೆ ನೆಪ್ಪಾಯ್ತು, ಇದು ನೆರಳಿನ ವಾರ ಅಂತವ.”

ಗಾಳಿಯೇ ಇಲ್ಲದ ಸುಡುಬಿಸಿಲು. ಹನ್ನೆರಡಕ್ಕೆ ಇಪ್ಪತ್ತು ನಿಮಿಷ ಇರುವಾಗ ಅಂದಾನಿ ಏಣಿ ತಂದು ಏಳನೇ ಡಿಶ್‌ಗೆ ಒರಗಿಸಿದರು. ಯಂತ್ರ ಓಡುತ್ತಿದ್ದುದರಿಂದ ಒಳಗೆ ಹೋಗುವ ಹಾಗಿಲ್ಲ. ಹಿಂಬದಿಯಿಂದ ಹತ್ತಿ, ಅಂಚಿಗೆ ತಲೆಯೆತ್ತದೆ, ಮೊಬೈಲನ್ನು ಕೋಲಿಗೆ ಕಟ್ಟಿ ಮೇಲೆತ್ತಿ ಚಿತ್ರ ತೆಗೆದರು. ಪಕ್ಕದ ಆರನೇ ಡಿಶ್ ಕೂಡ ಅದೇ ಉಪಗ್ರಹವನ್ನು ನೋಡುವಂಥದ್ದು, ಅದರದ್ದೂ ಹಾಗೇ ತೆಗೆದರು. ಆರನೆಯದರಲ್ಲಿ ನೆರಳು ಪೆನ್ಸಿಲಿನ ಸುತ್ತಿನೊಳಗೆ ಹೊಂದಿ ಕೂತಿತ್ತು. ಏಳನೆಯದರಲ್ಲಿ ಎರಡು ಬೆರಳಿನಷ್ಟು ಪಕ್ಕಕ್ಕೆ ಬಿದ್ದಿತ್ತು.

ಒಳಗೆ ಹೋಗಿ ಶಂಕರನಾರಾಯಣರ ಮುಂದೆ ಮೊಬೈಲ್ ಹಿಡಿದರು. ಶಂಕರನಾರಾಯಣ ಕುಂದಾಪುರದ ಕಡೆಯ ಮನೆತನದವರು, ಹುಟ್ಟಿ ಬೆಳೆದದ್ದು ಪೆರಂಬೂರಿನ ರೈಲ್ವೆ ಕಾಲೊನಿಯಲ್ಲಿ.

“ಅಂದಾನಣ್ಣ, ಸ್ಕ್ರೀನ್‌ನಲ್ಲಿ ಪೊಸಿಷನ್ ಕರೆಕ್ಟ್ ಇದೆ. ಪಾಯಿಂಟ್ ಝೀರೋ ಒನ್ ಕೂಡ ತಪ್ಪಿಲ್ಲ. ನಿಮ್ಮ ಪೆನ್ಸಿಲ್ ನಂಬಲಾ, ಹೊಸ ಸೆನ್ಸರ್ ನಂಬಲಾ?”

“ಎರಡೂ ಬ್ಯಾಡ ಸಾ. ಸೂರ್ಯನ್ನ ನಂಬಿ. ಆರನೇದ್ರಲ್ಲಿ ಸಿಗ್ನಲ್ ಎಷ್ಟೊತ್ತಿಗೆ ಓಯ್ತು, ಏಳನೇದ್ರಲ್ಲಿ ಎಷ್ಟೊತ್ತಿಗೆ ಓಯ್ತು, ನೋಡಿ.”

ನೋಡಿದರು. ದಾಖಲೆಯ ಪ್ರಕಾರ ಆರನೆಯದರಲ್ಲಿ ಗದ್ದಲ ನೆತ್ತಿಗೇರಿದ್ದು ಹನ್ನೊಂದು ನಲವತ್ತಾರಕ್ಕೆ. ಏಳನೆಯದರಲ್ಲಿ ನಲವತ್ತೆಂಟಕ್ಕೆ. ಒಂದೇ ಉಪಗ್ರಹ ನೋಡುವ ಎರಡು ಡಿಶ್‌ಗಳಿಗೆ ಸೂರ್ಯ ಎರಡು ನಿಮಿಷ ಹೆಚ್ಚುಕಡಿಮೆ ಬರುವಂತಿಲ್ಲ. ಏಳನೆಯದು ಅರ್ಧ ಡಿಗ್ರಿ ಪಶ್ಚಿಮಕ್ಕೆ ವಾಲಿತ್ತು. ಇಲ್ಲಿ ಎರಡು ಬೆರಳು ಎಂದರೆ ಮೇಲೆ, ಉಪಗ್ರಹವಿರುವಲ್ಲಿ, ಮುನ್ನೂರು ಕಿಲೋಮೀಟರು. ಅಂಚಿನಿಂದ ತಾಗಿದ ಕ್ಷೀಣ ಸಿಗ್ನಲ್ ಹದಿಮೂರು ದೋಣಿಗಳಿಗಷ್ಟೇ ಮುಟ್ಟಿತ್ತು.

“ನಾನು ಹನ್ನೆರಡೇ ಸುತ್ತು ಹಾಕಿದ್ದು, ಅಣ್ಣ. ನೀವು ಹೇಳಿದ್ದೂ ಹನ್ನೆರಡೇ,” ಎಂದು ಶಂಕರನಾರಾಯಣ ಹಾಳೆ ತೆಗೆದು ತೋರಿಸಿದರು.

ಅಂದಾನಿ ಗಾಳಿಯಲ್ಲಿ ಹಿಡಿ ತಿರುಗಿಸುವ ಹಾಗೆ ಕೈ ಆಡಿಸಿದರು. ಒಂದು, ಎರಡು ಎಂದು ಹನ್ನೆರಡರವರೆಗೆ ಎಣಿಸಿದರು. ಹನ್ನೆರಡು ಎಂದು ಬಾಯಿ ನಿಂತ ಮೇಲೂ ಕೈ ನಿಲ್ಲಲಿಲ್ಲ. ಇನ್ನೊಂದು ಸುತ್ತು ಸುತ್ತಿ ನಿಂತಿತು.

ಅದು ಕೋಯಂಬೇಡಿನ ಕೈ. ನೂರು ಕಾಯಿ ಎಣಿಸಿ ಕೊಟ್ಟ ಮೇಲೆ ಲೆಕ್ಕಕ್ಕೆ ಸೇರಿಸದೆ ಒಂದು ಕೊಸರು ಹಾಕುವುದು ಅಲ್ಲಿಯ ಪದ್ಧತಿ. ಎರಡು ವರ್ಷ ಹಾಕಿ ಹಾಕಿ ಕೈಗೆ ಅಂಟಿಕೊಂಡದ್ದು ಬಿಟ್ಟೇ ಇಲ್ಲ. ಗ್ರೀಸ್ ಹಚ್ಚುವಾಗ, ಬೋಲ್ಟು ಬಿಗಿಯುವಾಗ ಅದರಿಂದ ಯಾರಿಗೂ ನಷ್ಟವಾಗಿರಲಿಲ್ಲ.

“ನಂದೇ ತಪ್ಪು ಸಾ. ಕೊಸರು ಹಾಕ್ಬುಟ್ಟಿದ್ದೀನಿ,” ಎಂದರು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸ ಸಲಕರಣೆಯ ತಲೆಗೆ ಕಟ್ಟಿ ಸುಮ್ಮನಿರಬಹುದಿತ್ತು. ಗುತ್ತಿಗೆಯ ಆಳಿಗೆ ಇಂಥ ಒಂದು ಮಾತು ಸಾಕು, ಕೆಲಸ ಹೋಗಲು. ಆದರೆ ತಪ್ಪು ಎಷ್ಟೆಂದು ಖಚಿತವಾಗಿ ಹೇಳದಿದ್ದರೆ ಎಷ್ಟು ತಿರುಗಿಸಬೇಕೆಂದು ತಿಳಿಯುವುದಿಲ್ಲ. ಹುಡುಕುತ್ತ ಕೂತರೆ ಸಂಜೆಯಾಗುತ್ತದೆ, ಪಕ್ಕದ ಉಪಗ್ರಹಕ್ಕೆ ತೊಂದರೆಯೂ ಆಗಬಹುದು.

ಶಂಕರನಾರಾಯಣ ಬೈಯಲಿಲ್ಲ. “ಸರಿ, ಬನ್ನಿ. ಆ ಒಂದನ್ನ ವಾಪಸ್ ತಗೊಳ್ಳೋಣ,” ಎಂದರು. ಯಂತ್ರ ನಿಲ್ಲಿಸಿದರು. ಕೀಲಿಕೈ ಅಂದಾನಿಯ ಜೇಬಿಗೆ ಬಂತು. ಪೂರ್ವಕ್ಕೆ ಒಂದು ಸುತ್ತು. ಈ ಸಲ ಶಂಕರನಾರಾಯಣ ಅಂದಾನಿಯ ಮಣಿಕಟ್ಟನ್ನೇ ಹಿಡಿದುಕೊಂಡು ನಿಂತಿದ್ದರಂತೆ.

ಹನ್ನೆರಡೂವರೆಗೆ ಎಚ್ಚರಿಕೆ ಮತ್ತೆ ಹೊರಟಿತು. ಹದಿಮೂರು ಇಪ್ಪತ್ತಾಯಿತು, ಮೂವತ್ತಾಯಿತು. ಒಂದು ಗಂಟೆಗೆ ನಲವತ್ತು. ಕೊನೆಯ ಚುಕ್ಕೆ ಬಿದ್ದದ್ದು ಒಂದೂ ಹತ್ತಕ್ಕೆ. ಅಂದಾನಿ ತೆರೆಯ ಮುಂದೆ ನಿಲ್ಲಲಿಲ್ಲ. ನೇರವಾಗಿ ಗೇಟು ದಾಟಿ ಇಡ್ಲಿ ಅಂಗಡಿಗೆ ಹೋಗಿ, “ಎಲ್ಲಾ ಓದಿದ್ದಾರಮ್ಮ. ನಿನ್ ತಮ್ಮನೂ,” ಎಂದರು. ಜಯಲಕ್ಷ್ಮಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಳು. “ಬೆಳಗಿನ ಇಡ್ಲಿ ಬಿಟ್ಟೋಗಿದ್ರಿ, ತಿನ್ನಿ,” ಎಂದು ತಟ್ಟೆ ಮುಂದಿಟ್ಟಳು. ನಾಲ್ಕು ಇಡ್ಲಿಯ ಮೇಲೆ ಇನ್ನೊಂದು ಹಾಕಿದಳು. ಅದನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ.

ಅಂದಾನಿಯ ಕೆಲಸ ಹೋಗಲಿಲ್ಲ. ಹಿಡಿ ತಿರುಗಿಸುವವನೇ ಬೇರೆ, ಎಣಿಸುವವನೇ ಬೇರೆ ಇರಬೇಕೆಂಬ ಹೊಸ ನಿಯಮ ಬಂತು. ಪೆನ್ಸಿಲಿನ ಗುರುತುಗಳ ಮೇಲೆ ಈಗ ಎಂಜಿನಿಯರುಗಳೇ ಕರಿ ಬಣ್ಣ ಬಳಿಸಿದ್ದಾರೆ. ಬರುವ ಮೇ ತಿಂಗಳಿಗೆ ಅಂದಾನಿ ಕೆಲಸ ಬಿಡುತ್ತಾರೆ. ಅವರ ಆಸೆ ದೊಡ್ಡದೇನಲ್ಲ: “ನನ್ನಿಂದೆ ಬರೋನು ನೆರಳು ನೋಡೋದ ಕಲ್ತ್ಕೊಂಡ್ರೆ ಸಾಕು. ಹಿಡಿ ತಿರುಗಿಸೋದ ಮಾತ್ರ ನನ್ ತಾವು ಕಲೀಬಾರದು.”

ಆ ಬುಧವಾರ ರಾತ್ರಿ ಹತ್ತರ ಮೇಲೆ ಗಾಳಿ ಎದ್ದಿತು. ಅಷ್ಟರಲ್ಲಿ ದೋಣಿಗಳು ಬಂದರಿನಲ್ಲಿದ್ದವು. ಅವಸರದಲ್ಲಿ ಬರಲು ಇಬ್ಬರು ಬಲೆ ಕತ್ತರಿಸಿ ಬಿಟ್ಟಿದ್ದರು, ಅದರಲ್ಲಿ ಒಂದು ಜಯಲಕ್ಷ್ಮಿಯ ತಮ್ಮನದು. ಹೋಗಿದ್ದು ನಲವತ್ತೊಂದು ದೋಣಿ. ಬಂದದ್ದು ನಲವತ್ತೊಂದು ದೋಣಿ. ಹೋದದ್ದು ಎರಡು ಬಲೆ.