ಹೊಳೆಯಲ್ಲಿ ಸ್ಟೇಜು ಕಟ್ಟಿಸಿದ ಮೇಷ್ಟ್ರು

ನಮ್ಮ ನಾಟಕದ ಮೇಷ್ಟ್ರ ಬಲ ಹೆಗಲು ಎಡದ್ದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಹರೆಯದಿಂದಲೂ ಹಾರ್ಮೋನಿಯಂ ಪೆಟ್ಟಿಗೆಯನ್ನು ಅದೇ ಹೆಗಲಿಗೆ ತಗುಲಿಸಿಕೊಂಡು ಊರೂರು ತಿರುಗಿದ್ದರ ಗುರುತು ಅದು.

ಎಪ್ಪತ್ತರ ದಶಕದ ಕೊನೆಯ ಮಾತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಸಂಸಾರ ಸಾಕುತ್ತಿದ್ದೆ. ಯಾರ ಮುಂದೆಯೂ ಕೈ ಚಾಚಿದವನಲ್ಲ. ಮಾಕಳಿ ಕಡೆಯ ಹೊಳೆಯೊಂದರ ಈಚೆ ದಡದಲ್ಲಿ ನಮ್ಮಂಥ ಕಾರ್ಮಿಕರ ಸಾಲುಮನೆಗಳಿದ್ದವು. ಆಚೆ ದಡದಲ್ಲಿ ಹಳೆಯ ಊರು, ಅಲ್ಲೊಂದು ಸಿಹಿನೀರಿನ ಬಾವಿ. ಹೊಳೆಗೆ ನಾವು ಕಸ ಸುರಿದರೆ ಅವರು ತಿಪ್ಪೆ ಸುರಿಯುತ್ತಿದ್ದರು. ಆದರೂ ಊರಿನ ಗೌಡರು, “ಒಳೆ ಕೆಡಿಸ್ದೋರಿಗೆ ಬಾವಿ ಇಲ್ಲ” ಅಂದುಬಿಟ್ಟಿದ್ದರು. ನಮಗೆ ಬೋರಿನ ಸವಳು ನೀರೇ ಗತಿ.

ನಾಟಕದ ಹುಚ್ಚು ಮಾತ್ರ ಎರಡೂ ದಡಕ್ಕಿತ್ತು. ನಾವೂ ಅವರೂ ಬೇರೆಬೇರೆಯಾಗಿ ಹೋಗಿ ಇದೇ ಮೇಷ್ಟ್ರನ್ನು ಕರೆದೆವು.

“ಅಣ್ಣತಮ್ಮಂದಿರ ಯುದ್ಧದ ಕತೆ. ಎರಡ್ ನಾಟಕ ಯಾಕ್ರಪ್ಪಾ? ಒಂದ್ ಸೈನ್ಯ ಆ ದಡದ್ದು, ಒಂದ್ ಸೈನ್ಯ ಈ ದಡದ್ದು” ಎಂದು ಮೇಷ್ಟ್ರು ನಕ್ಕರು.

ಸ್ಟೇಜು ಯಾವ ದಡದಲ್ಲಿ ಅನ್ನುವುದಕ್ಕೆ ಜಗಳ ಹತ್ತಿತು. “ನಿಮ್ ಕಡೀಕೆ ಕಾಲಿಡಾಕಿಲ್ಲ” ಎಂದರು ಗೌಡರು. “ನಾವೇನ್ ನಿಮ್ಮೂರಿಗೆ ಬರ್ತೀವಾ?” ಎಂದೆ ನಾನು.

ಮೇಷ್ಟ್ರು ಎಲೆಯಡಿಕೆ ಉಗುಳಿ ಬಂದರು. “ಹಂಗಾದ್ರೆ ಹೊಳೆ ಮಧ್ಯದಲ್ಲಿ.”

“ಆ ಗಬ್ಬಿನಾಗಾ?”

“ಪಾರ್ಟ್ ಬೇಕಾದೋರು ಗುದ್ದಲಿ ತಗೊಂಡ್ ಬನ್ನಿ ಗೌಡ್ರೇ. ಕಸ ಹೊರದೋರಿಗೆ ಕಿರೀಟ ಇಲ್ಲ.”

ಬೇಸಿಗೆಯಾದ್ದರಿಂದ ಹೊಳೆ ಒಂದು ಪಕ್ಕಕ್ಕೆ ಸಣ್ಣಗೆ ಹರಿಯುತ್ತಿತ್ತು. ಪಾರ್ಟಿನ ಆಸೆಗೆ ಶಿಫ್ಟ್ ಮುಗಿಸಿ ನಾವು ಇಳಿದೆವು, ಹೊಲ ಮುಗಿಸಿ ಅವರು ಇಳಿದರು. ಕೇಡಿಗ ರಾಜನ ಪಾರ್ಟು ಗೌಡರಿಗೆ. ಅವರನ್ನು ಗದೆಯಿಂದ ಕೊಲ್ಲುವ ಪಾರ್ಟು ನನಗೆ. “ರಾಜರೇ, ಸೊಂಟ ಜೋಪಾನ” ಎಂದು ಕಸದ ಬುಟ್ಟಿ ಹೊತ್ತ ಗೌಡರನ್ನು ನಾನು ಕೆಣಕಿದರೆ, “ಸ್ಟೇಜ್ ಮ್ಯಾಲೆ ಸಿಗ್ಲಾ ನೀನು” ಎನ್ನುತ್ತಿದ್ದರು.

ಎರಡೂ ದಡಕ್ಕೆ ಕಾಣಲೆಂದು ಸ್ಟೇಜಿಗೆ ಹಿಂದಿನ ಪರದೆ ಕಟ್ಟಲು ಮೇಷ್ಟ್ರು ಬಿಡಲಿಲ್ಲ. ನಾಟಕದ ರಾತ್ರಿ ಒಂದು ದಡಕ್ಕೆ ಮುಖ ಮಾಡಿ ಹಾಡಿದರೆ ಇನ್ನೊಂದು ದಡದವರು “ಒನ್ಸ್ ಮೋರ್” ಎಂದು ಕೂಗುತ್ತಿದ್ದರು. ತಿರುಗಿ ಮತ್ತೆ ಹಾಡಬೇಕು. ಹೀಗಾಗಿ ಸೂರ್ಯ ಹುಟ್ಟಿದರೂ ಗೌಡರು ಸತ್ತಿರಲಿಲ್ಲ. ಫಸ್ಟ್ ಶಿಫ್ಟಿನ ಸೈರನ್ ಕೂಗಿತು.

“ಬೇಗ ಸಾಯ್ರೀ ಗೌಡ್ರೇ, ಕೆಲಸಕ್ಕೆ ಹೋಗ್ಬೇಕು” ಎಂದು ಪಿಸುಗುಟ್ಟಿ ಗದೆ ಬೀಸಿದೆ. ಬಿದ್ದರು. ನಮ್ಮ ದಡದಿಂದ “ಒನ್ಸ್ ಮೋರ್!” ಸತ್ತವರು ಎದ್ದು ಕೂತು, ಸಾಲುಮನೆಗಳ ಕಡೆ ತಿರುಗಿ ಸಾಯುವ ಹಾಡನ್ನು ಇನ್ನೊಮ್ಮೆ ಹಾಡಿದರು. ಗಂಟಲು ಒಣಗಿ ನೀರು ಕೇಳಿದರು. ನನ್ನ ಹೆಂಡತಿ ಚೊಂಬು ಕೊಟ್ಟಳು. ಒಂದು ಗುಟುಕಿಗೇ ಮುಖ ಕಿವುಚಿದರು.

“ಇದ್ಯಾವ ನೀರವ್ವಾ?”

“ನಾವು ದಿನಾ ಕುಡಿಯೋದೇ ಅಣ್ಣ.”

ಗೌಡರು ಕಿರೀಟ ತೆಗೆದರು. ಉಳಿದ ನೀರನ್ನು ಚೆಲ್ಲದೆ ಕುಡಿದರು. “ನಾಳೆಯಿಂದ ಬಾವಿತಾಕೆ ಬಾರವ್ವ” ಎಂದರು. ಮೇಷ್ಟ್ರು ಏನೂ ಕೇಳಿಸದವರಂತೆ ಹಾರ್ಮೋನಿಯಂ ಮುಚ್ಚುತ್ತಿದ್ದರು.

ಆ ಮಳೆಗಾಲ ಹೊಳೆ ತಡೆಯಿಲ್ಲದೆ ಹರಿಯಿತು. ಆಮೇಲೆ ಪ್ರತಿ ಬೇಸಿಗೆ ನಾಟಕಕ್ಕೆ ಮುಂಚೆ ಗುದ್ದಲಿ ಹಿಡಿಯುವುದು ರೂಢಿಯಾಯಿತು.

ಕೆಲವು ವರ್ಷಗಳ ಮೇಲೆ ಮೇಷ್ಟ್ರು ತೀರಿಕೊಂಡರು. ಎರಡೂ ದಡದವರು ಒಂದೇ ಲಾರಿಯಲ್ಲಿ ಹೋಗಿ ಮಣ್ಣು ಹಾಕಿ ಬಂದೆವು. ಸಾವಿನ ಸ್ನಾನಕ್ಕೆ ಬಾವಿಯ ಹತ್ತಿರ ನಿಂತಾಗ ಗೌಡರು ನೀರು ಸೇದಿ ಮೊದಲು ನನ್ನ ತಲೆಗೆ ಹೊಯ್ದರು. ಅವರ ಕೈಯಿಂದ ಹಗ್ಗ ಇಸಿದುಕೊಂಡು ನಾನು ಅವರಿಗೆ ಸೇದಿದೆ.