ಬರ್ತೀನಿ ಅಂದದ್ದಕ್ಕೆ

ಮಹಾಂತೇಶನ ಫೋನು ತೆಗೆದು ನೋಡಿದವನು ನಾನು. ಶೇಖರಪ್ಪ ಅಲ್ಲ. ಶೇಖರಪ್ಪ ಅದನ್ನು ಚಾರ್ಜರಿನಿಂದ ಬಿಡಿಸಿ ನನ್ನ ಮಂಚದ ಮೇಲೆ ಇಟ್ಟ, ಅಷ್ಟೇ. ತೆಗೆದವನು ನಾನು, ನೋಡಿದವನು ನಾನು, ಆಮೇಲೆ ಅದನ್ನು ಶೇಖರಪ್ಪನ ತಲೆಗೆ ಕಟ್ಟಿದವನೂ ನಾನೇ — ಇದನ್ನು ಮೊದಲು ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ನನ್ನ ನಾಲಗೆ ಮತ್ತೆ ಯಾವುದಾದರೂ ಸಂದಿಯಲ್ಲಿ ನುಸುಳಿಕೊಂಡೀತು. ಅದರ ಗುಣ ನನಗೆ ಗೊತ್ತು.

ಮಹಾಂತೇಶ ನನ್ನ ಕಾಕಾನ ಮಗ, ನರಗುಂದದಲ್ಲಿರುತ್ತಾನೆ. ಶೇಖರಪ್ಪ ನನ್ನ ತಂಗಿ ಗಿರಿಜಾಳ ಗಂಡ, ಗಜೇಂದ್ರಗಡದಲ್ಲಿ ಸೀರೆ ನೇಯುತ್ತಾನೆ. ನಾನು ರೋಣದಲ್ಲಿ ಹಿಟ್ಟಿನ ಗಿರಣಿ ಇಟ್ಟವನು. ಗಿರಣಿಯವನನ್ನು ನಮ್ಮ ಕಡೆ ಯಾರೂ ಪೂರ್ತಿ ನಂಬುವುದಿಲ್ಲ. ಜೋಳ ಸುರಿಯುವಾಗ ಹೆಣ್ಣುಮಕ್ಕಳ ಕಣ್ಣು ಮೇಲೆ, ಹಿಟ್ಟು ಬೀಳುವಾಗ ಕೆಳಗೆ. ಚೀಲ ಎತ್ತಿ ತೂಗಿ ನೋಡಿ, "ಹಿಟ್ಟ ಕಮ್ಮಿ ಬಿತ್ತಲ್ಲಪಾ" ಎಂದು ನಗುತ್ತಲೇ ಅಂದು ಹೋಗುತ್ತಾರೆ. ಹಿಡಿ ಹಿಟ್ಟನ್ನೂ ನಾನು ಕದ್ದವನಲ್ಲ. ಆದರೆ ಇಷ್ಟು ವರ್ಷ ಅನುಮಾನದ ಕಣ್ಣ ಕೆಳಗೆ ನಿಂತು ನಿಂತು, ಆ ಕಣ್ಣು ನನಗೂ ಬಂದುಬಿಟ್ಟಿದೆಯೋ ಏನೋ — ನೆಪ ಹೇಳುತ್ತಿಲ್ಲ, ನನ್ನ ಸ್ವಭಾವ ಇಂಥದ್ದು ಎಂದು ತಿಳಿಸುತ್ತಿದ್ದೇನೆ.

ಒಂದು ವರ್ಷ ಗಿರಣಿಯ ಪಟ್ಟಾ ಸರಿಮಾಡಲು ಹತ್ತಿದ್ದ ಸ್ಟೂಲು ಜಾರಿ ಕಾಲು ಮುರಿಯಿತು. ಮಂಚ ಹಿಡಿದೆ. ಗಿರಣಿ ಹೆಂಡತಿಯ ಪಾಲಿಗೆ ಬಿತ್ತು, ಹೊತ್ತು ಮಾತ್ರ ನನ್ನ ಪಾಲಿಗೆ. ಹೊತ್ತು ಕಳೆಯಲೆಂದು ಮಹಾಂತೇಶ ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟ. ಚೀನಾದ ಹಳೆಯ ಕಾಲದ ಯುದ್ಧದ ಆಟ. ದೇಶವೆಲ್ಲ ಒಡೆದು ತುಂಡು ತುಂಡಾಗಿದೆ. ಒಬ್ಬೊಬ್ಬ ದೊರೆಗೆ ಇಷ್ಟಿಷ್ಟು ಊರು, ಇಷ್ಟು ದಂಡು, ಇಷ್ಟು ದವಸ. ನಾವು ಒಬ್ಬೊಬ್ಬ ದೊರೆಯನ್ನು ಆರಿಸಿಕೊಂಡು, ಪುರಸೊತ್ತಾದಾಗ ನಮ್ಮ ನಮ್ಮ ನಡೆ ನಡೆಸಿ ಬಿಡುವುದು. ಮಹಾಂತೇಶ ದೊಡ್ಡ ದೊರೆಯನ್ನು ತೆಗೆದುಕೊಂಡ. ಶೇಖರಪ್ಪನನ್ನೂ ಎಳೆದುಕೊಂಡೆವು, ಅವನದು ಗುಡ್ಡದ ಮೇಲಿನ ಗಟ್ಟಿ ರಾಜ್ಯ. ನಾನು ಬೇಕೆಂದೇ ಎಲ್ಲಕ್ಕಿಂತ ಬಡ ದೊರೆಯನ್ನು ಆರಿಸಿದೆ. ಮಣ್ಣಿನ ಗೋಡೆಯ ಒಂದೇ ಊರು, ಮೂರೂ ಕಡೆ ದೊಡ್ಡವರು, ಕೈಕೆಳಗೆ ಇಬ್ಬರು ಸರದಾರರು — ಅದರಲ್ಲೊಬ್ಬ ಮುದುಕ, ಯಾವಾಗ ಬೇಕಾದರೂ ಬಿಟ್ಟು ಹೋಗುವ ಮುಖದವನು.

"ಅಣ್ಣಾ, ಇದನ್ಯಾಕ ತಗೊಂಡಿ? ಮಳಿಗಾಲ ದಾಟೂದಿಲ್ಲ ಇದು" ಎಂದು ಮಹಾಂತೇಶ ನಕ್ಕ.

ಯಾಕೆ ತೆಗೆದುಕೊಂಡೆ? ಸೋತರೆ ನಾಚಿಕೆಯಿಲ್ಲ, ಗೆದ್ದರೆ ಹೆಸರು. ನನ್ನ ಲೆಕ್ಕಾಚಾರ ಅಷ್ಟೇ ಇತ್ತು. ಇನ್ನೊಂದೂ ಇತ್ತು, ಅದು ಈಗ ತಿಳಿಯುತ್ತಿದೆ — ಸಣ್ಣವನಾಗಿ ಕೂತರೆ ಎಲ್ಲರನ್ನೂ ಅನುಮಾನಿಸುವ ಹಕ್ಕು ತಾನಾಗಿಯೇ ಬರುತ್ತದೆ. ಹಾಗಿರುವುದು ನನಗೆ ಹಿತವಾಗಿತ್ತು.

ಆ ಚೀನೀ ಹೆಸರುಗಳು ನಮ್ಮ ಬಾಯಿಗೆ ಬರುತ್ತಿರಲಿಲ್ಲ. ಹಾಗಾಗಿ ನನ್ನ ಊರು ರೋಣ, ಅವನದು ನರಗುಂದ, ಶೇಖರಪ್ಪನದು ಗಜೇಂದ್ರಗಡ. ನಡುವೆ ಹರಿಯುವ ನದಿ ಮಲಪ್ರಭಾ. ಬಿಟ್ಟು ಹೋಗುವ ಮುಖದ ಮುದುಕ ಸರದಾರನಿಗೆ ಗೌಡ್ರು ಎಂದು ಹೆಸರಿಟ್ಟೆವು. ನಕ್ಕು ನಕ್ಕು ಕಾಲಿನ ನೋವು ಮರೆಯುತ್ತಿತ್ತು. ಆ ದಿನಗಳು ಚೆನ್ನಾಗಿದ್ದವು, ಅದನ್ನೂ ಹೇಳಬೇಕು.

ಮಹಾಂತೇಶನೂ ನಾನೂ ಆಟದಲ್ಲಿ ಕರಾರು ಮಾಡಿಕೊಂಡಿದ್ದೆವು, ಒಬ್ಬರ ಮೇಲೊಬ್ಬರು ದಂಡೆತ್ತಬಾರದು ಎಂದು. ಅವನ ನೆರಳಲ್ಲಿ ನನ್ನ ಮಣ್ಣಿನ ಗೋಡೆ ಉಳಿದಿತ್ತು. ಆಟದಲ್ಲಿ ಒಮ್ಮೆ ಹೊಳೆ ಬಂತು. ನನ್ನ ಹೊಲಗಳೆಲ್ಲ ಮುಳುಗಿ ಕಣಜ ಬರಿದಾಯಿತು. ಅದೇ ಹೊತ್ತಿಗೆ ಕರಾರಿನ ಅವಧಿಯೂ ಮುಗಿಯಲು ಬಂದಿತ್ತು. ನಾನು ಅವನಿಗೆ ಬರೆದೆ: "ಕರಾರು ಮುಂದ ನಡಸ್ತೀಯೋ ಇಲ್ಲೋ?" ಒಂದು ದಿನ ಉತ್ತರವಿಲ್ಲ. ಮರುದಿನ ಬಂದದ್ದು ಇಷ್ಟೇ: "ಬರ್ತೀನಿ ಅಣ್ಣಾ."

ಬರ್ತೀನಿ. ಹೋಗುವಾಗ ನಾವು ಹೋಗುತ್ತೇನೆ ಎನ್ನುವುದಿಲ್ಲವಲ್ಲ, ಅದು ಅಪಶಕುನ. ಹೊಸ್ತಿಲು ದಾಟುವವನು ಬರ್ತೀನಿ ಎಂದೇ ಹೇಳಿ ಹೋಗುತ್ತಾನೆ. ಹಾಗಾದರೆ ಇವನು ಕರಾರು ಬಿಟ್ಟು ಹೊರಟನೇ? ಇಲ್ಲಾ ದಂಡು ತೆಗೆದುಕೊಂಡು ನನ್ನ ಮೇಲೆ ಬರುತ್ತೇನೆ ಎಂದನೇ? ಮೂರನೆಯ ಅರ್ಥವೊಂದು ಇರಬಹುದು ಎಂದು ಹೊಳೆಯಲಿಲ್ಲ. ಇಲ್ಲ — ಹೊಳೆಯಿತು. ನಾನೇ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಮಂಚದ ಮೇಲೆ ಬಿದ್ದವನಿಗೆ ಬೇರೆ ಕೆಲಸವಿಲ್ಲ, ಆ ಒಂದು ಮಾತನ್ನು ಗಿರಣಿಗೆ ಹಾಕಿ ಬೀಸುತ್ತಾ ಮಲಗಿದೆ.

ಆ ಭಾನುವಾರ ಇಬ್ಬರೂ ನನ್ನನ್ನು ನೋಡಲು ಬಂದರು. ಊಟವಾಯಿತು. ಗಿರಣಿಯ ಮೋಟರು ನಿಂತಿದೆ ಎಂದು ಹೆಂಡತಿ ಕೂಗಿದಳು. ಮಹಾಂತೇಶ ಫೋನು ಚಾರ್ಜಿಗೆ ಹಾಕಿದ್ದವನು ಹಾಗೇ ಎದ್ದು ಹೋದ. ಶೇಖರಪ್ಪ ತನ್ನ ಫೋನು ಹಚ್ಚಲೆಂದು ಅವನದನ್ನು ಬಿಡಿಸಿ ನನ್ನ ಮಗ್ಗುಲಲ್ಲಿ ಇಟ್ಟು, ಚಾಪೆಯ ಮೇಲೆ ಅಡ್ಡಾದ. ಕಣ್ಣು ಮುಚ್ಚಿದ. ನಿದ್ದೆ ಹೋದನೆಂದುಕೊಂಡೆ.

ಫೋನಿನ ಲಾಕು ಮಹಾಂತೇಶನ ಮೋಟರ್‌ಸೈಕಲ್ಲಿನ ನಂಬರು. ಮನೆ ಮಂದಿಗೆಲ್ಲ ಗೊತ್ತಿದ್ದದ್ದೇ, ಯಾಕೆಂದರೆ ನಮ್ಮಿಂದ ಮುಚ್ಚುವಂಥದ್ದು ಅವನಲ್ಲಿ ಏನೂ ಇರಲಿಲ್ಲ. ತೆಗೆದೆ. ಅವನ ನಕಾಶೆಯಲ್ಲಿ ನರಗುಂದದಿಂದ ಒಂದು ಉದ್ದನೆಯ ಬಾಣ ಹೊರಟಿತ್ತು. ಕಣಿವೆ ದಾಟಿ ನೇರ ನನ್ನ ಊರಿಗೆ. ನನ್ನ ಎದೆ ಹೊಡೆದುಕೊಂಡ ರೀತಿ ನೋಡಿದರೆ ಖರೇ ದಂಡೇ ಬಾಗಿಲಿಗೆ ಬಂದಿದೆ ಎನ್ನಬೇಕು. ಆ ಬಾಣದ ಮೇಲೆ ಒಮ್ಮೆ ಬೆರಳಿಟ್ಟಿದ್ದರೆ ಅದರೊಳಗೆ ಏನಿದೆ ಎಂದು ಆಟವೇ ಹೇಳುತ್ತಿತ್ತು. ಇಡಲಿಲ್ಲ. ಬೇಕಾದದ್ದು ಸಿಕ್ಕಿತ್ತಲ್ಲ.

ಸಂಜೆ ಹೊರಡುವಾಗ ಮಹಾಂತೇಶ ಬಾಗಿಲಲ್ಲಿ ನಿಂತು, "ಬರ್ತೀನಿ ಅಣ್ಣಾ" ಎಂದ, ನಗುತ್ತಾ. ಆ ನಗುವಿನಲ್ಲೂ ನಾನು ಏನೋ ಕಂಡೆ.

ಅವರು ಬಸ್‌ಸ್ಟ್ಯಾಂಡ್ ಮುಟ್ಟುವ ಮೊದಲೇ ಗೌಡ್ರನ್ನು ಕಣಿವೆಗೆ ಕಳಿಸಿ ಎರಡೂ ಬದಿ ಬೆಂಕಿ ಇಡಿಸಿದೆ. ಅಷ್ಟು ದೊಡ್ಡ ದಂಡು ಸುಟ್ಟು ಬೂದಿಯಾಯಿತು. ಬಡ ದೊರೆ ಗೆದ್ದ! ಹೆಂಡತಿಯನ್ನು ಕರೆದು ತೋರಿಸಿದೆ. ಕೈತುಂಬ ಹಿಟ್ಟಿದ್ದವಳು ನೋಡಿ, ಹೂಂ ಎಂದು ಹೋದಳು.

ಮರುದಿನ ಬೆಳಿಗ್ಗೆ ಮಹಾಂತೇಶನ ಫೋನು ಬಂತು. ಸಿಟ್ಟಿರಲಿಲ್ಲ ದನಿಯಲ್ಲಿ, ಆಶ್ಚರ್ಯವಿತ್ತು.

"ಅಣ್ಣಾ, ಹಿಂಗ್ಯಾಕ ಮಾಡಿದಿ? ಜ್ವಾಳಾ ಕಳಸಿದ್ನೆಪಾ. ನಿನ್ನ ಊರಾಗ ಹೊಳಿ ಬಂದು ಮಂದಿ ಉಪಾಸ ಇದ್ರಲ್ಲ. ಬರ್ತೀನಿ ಅಂತ ಹೇಳಿದ್ನೆಲ್ಲ?"

ನಮ್ಮ ಮೂಲ ಊರು ಹೊಳೆಮಣ್ಣೂರ. ನಾವು ಸಣ್ಣವರಿದ್ದಾಗ ಖರೇ ಹೊಳೆ ಬಂದು ಮನೆಯೊಳಗೆ ನೀರು ನಿಂತಾಗ, ಇವನ ಅಪ್ಪ, ನನ್ನ ಕಾಕಾ, ನರಗುಂದದಿಂದ ಟ್ರ್ಯಾಕ್ಟರಿನಲ್ಲಿ ರೊಟ್ಟಿ, ಜೋಳ ಹೇರಿಕೊಂಡು ಬಂದಿದ್ದ. ಅವನೂ ಹಾಗೆಯೇ, ಬರ್ತೀನಿ ಎಂದು ಒಂದು ಮಾತು ಹೇಳಿ ಕಳಿಸಿ, ಬಂದೇ ಬಿಟ್ಟಿದ್ದ. ಆ ರೊಟ್ಟಿ ತಿಂದ ಬಾಯಿ ಇದು. ಮಗ ಅಪ್ಪನ ಹಾಗೆಯೇ ಆಡಿದ್ದ, ಆಟದಲ್ಲೂ. ನಾನು ಅದನ್ನು ಸುಟ್ಟು ಹೆಂಡತಿಗೆ ತೋರಿಸಿ ಬೀಗಿದ್ದೆ.

ಆಗಲೇ ತಪ್ಪಾಯ್ತು ತಮ್ಮಾ ಎಂದಿದ್ದರೆ ನಕ್ಕು ಬಿಡುತ್ತಿದ್ದ. ಅವನು ಮುಂದೆ ಕೇಳಿದ: "ಖರೇ ಹೇಳು, ಆ ಕಣಿವಿ ದಾರೀಲೆ ಜ್ವಾಳದ ಬಂಡಿ ಬರ್ತಾವು ಅಂತ ನಿನಗ ಹ್ಯಾಂಗ ಗೊತ್ತಾತು? ಯಾರರ ನನ್ನ ಫೋನ್ ತಗದ್ರೇನು?"

ನಾನು ಅಂದೆ — ಈ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದು ಈಗಲೂ ಬೆರಗಾಗುತ್ತದೆ — "ಶೇಖರಪ್ಪ ಹಿಡಕೊಂಡಿದ್ದ ನೋಡು. ಅವನ ನನಗ ಹೇಳಿದಾ, ನಿನ್ನ ಮ್ಯಾಲೆ ದಂಡ ಬರಾಕತ್ತೈತಿ ಅಂತ."

ಅವನು ಫೋನು ಇಟ್ಟ. ನಾನು ತಿರುಗಿ ಹಚ್ಚಲಿಲ್ಲ.

ಆಟದ ಮಾತಿಗೆ ಇಷ್ಟೆಲ್ಲವೇ ಎಂದು ನೀವು ನಗಬಹುದು. ಮಹಾಂತೇಶನಿಗೆ ಅದು ಆಟವಾಗಿ ಉಳಿಯಲಿಲ್ಲ. ಮನೆಯ ಅಳಿಯ ತನ್ನ ಫೋನು ಕದ್ದು ನೋಡಿದ, ಅಣ್ಣ ತಮ್ಮರ ನಡುವೆ ಚಾಡಿ ಹೇಳಿದ — ಅವನಿಗೆ ಚುಚ್ಚಿದ್ದು ಇದು. ಶೇಖರಪ್ಪನಿಗೆ ಫೋನು ಮಾಡಿ ಬಾಯಿಗೆ ಬಂದದ್ದು ಅಂದ. ಶೇಖರಪ್ಪ ತಾನು ನೋಡಿಲ್ಲ ಎಂದಷ್ಟೇ ಅಂದನಂತೆ. ಮಾತು ಬೆಳೆದು, ಕೊನೆಗೆ, ನಿನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಮಹಾಂತೇಶ ಕಡ್ಡಿ ಮುರಿದಂತೆ ಹೇಳಿದ. ಆಟ ಅಲ್ಲಿಗೇ ನಿಂತಿತು.

ಆಗ ಗಿರಿಜಾ ಬಸಿರು. ಅವಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಹಸಿರು ಬಳೆ ತರುವವನು ತಾನೇ ಎಂದು ಮಹಾಂತೇಶ ಚಿಕ್ಕಂದಿನಿಂದ ಹೇಳುತ್ತಿದ್ದ. ಅವರಿಬ್ಬರೂ ಒಂದೇ ವಾರಿಗೆಯವರು, ರಜೆ ಬಂದರೆ ಒಟ್ಟಿಗೆ ಆಡಿ ಬೆಳೆದವರು. ಕುಬಸದ ದಿನ ಗಜೇಂದ್ರಗಡದ ಮನೆಯಲ್ಲಿ ಹಸಿರು ಸೀರೆಯುಟ್ಟು ಕೂತವಳು ಬಾಗಿಲ ಕಡೆಯೇ ನೋಡುತ್ತಿದ್ದಳು. "ಮಾಂತಣ್ಣ ಬರ್ತಾನು, ತಡೀರಿ" ಎಂದು ಬಳೆ ಇಡಿಸಿಕೊಳ್ಳದೆ ಕಾದಳು. ಅವನು ಬರಲಿಲ್ಲ. ನಾನು ಕುಂಟುತ್ತಾ ಹೋಗಿ ಪೇಟೆಯಿಂದ ಬಳೆ ತಂದುಕೊಟ್ಟೆ. ಅವಳು ಅತ್ತಳು, ತವರಿನ ನೆನಪಿಗೆ ಎಂದು ಬಂದವರೆಲ್ಲ ಅಂದರು.

ಆ ದಿನ ಶೇಖರಪ್ಪನೇ ಪಂಕ್ತಿಯಲ್ಲಿ ನನಗೆ ಹೋಳಿಗೆ ಬಡಿಸಿದ. "ಹೊಟ್ಟಿತುಂಬ ಉಣ್ರಿ ಅಣ್ಣಾರ. ಏನೂ ಮನಸಿಗೆ ಹಚ್ಚಿಕೋಬ್ಯಾಡ್ರಿ" ಎಂದ. ಅಂದಿನಿಂದ ಆ ಮಾತು ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಏನು ಹಚ್ಚಿಕೊಳ್ಳಬಾರದು? ಇವನಿಗೆ ಗೊತ್ತೇ? ನಿದ್ದೆ ಮಾಡಿರಲಿಲ್ಲವೇ ಇವನು? ಅಥವಾ ಬರೇ ಉಪಚಾರದ ಮಾತೇ? ತಪ್ಪು ಮಾಡಿದವನು ನಾನು, ಆದರೂ ಅವನನ್ನೇ ಓರೆಗಣ್ಣಿನಿಂದ ನೋಡುತ್ತಿದ್ದೆ.

ಕೂಸು ಹುಟ್ಟಿದ ಮೇಲೆ ಬಾಣಂತನಕ್ಕೆ ನನ್ನ ಮನೆಗೇ ಬಂದ ಗಿರಿಜಾ ಒಮ್ಮೆ ಕೇಳಿದಳು. "ಅಣ್ಣಾ, ಅವ್ರು ಖರೇನ ಮಾಂತಣ್ಣನ ಫೋನ್ ತಗದಿದ್ರೇನು? ನನಗ ನೀ ಹೇಳು. ನೀ ಹೇಳಿದ್ರ ನಂಬತೀನಿ."

ನನ್ನನ್ನು ನಂಬುತ್ತೇನೆ ಎಂದು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ. ಅವಳಿಗೆ ನಾನು ಹೇಳಿದ್ದು, "ಯಾಂವ ಬಲ್ಲ, ತಂಗಿ."

ಮೊದಲನೆಯದು ಗಾಬರಿಯ ಸುಳ್ಳು. ಇದು ಹಾಗಲ್ಲ. ಕೂಸಿನ ತೊಟ್ಟಿಲು ತೂಗುತ್ತಾ, ಯೋಚಿಸಿ, ತೂಕ ಮಾಡಿ ಹೇಳಿದ್ದು.

ವರ್ಷಗಳು ಹೋದವು. ಈ ಸಲ ನಾಗರ ಪಂಚಮಿಗೆ ಗಿರಿಜಾಳನ್ನು ಕರೆದುಕೊಂಡು ಬಂದಿದ್ದೆ. ಉಂಡಿ ಕಟ್ಟುತ್ತಾ ಕೂತವಳು ನನ್ನ ಹೆಂಡತಿಗೆ ಹೇಳುತ್ತಿದ್ದಳು: "ನಾ ಅವ್ರ ಮುಂದ ಫೋನ್ ಬಿಟ್ಟ ಏಳೂದಿಲ್ಲ ವೈನಿ. ಅವ್ರು ಚಲೋ ಮನಶ್ಯಾರ. ಆದ್ರೂ ಮನಸಿನ್ಯಾಗ ಒಂದು ಕುಂತಬಿಟ್ಟೈತಿ." ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ನನ್ನ ತಂಗಿ, ಏನೂ ಮಾಡದ ಗಂಡನ ಜೊತೆ, ಇಷ್ಟು ವರ್ಷ ಅನುಮಾನ ಇಟ್ಟುಕೊಂಡು ಬಾಳಿದ್ದಾಳೆ. ಆ ಅನುಮಾನ ನನ್ನದು. ನಾನೇ ಅವಳ ಮಡಿಲಿಗೆ ಹಾಕಿದ್ದು.

ಅವಳನ್ನು ಗಜೇಂದ್ರಗಡಕ್ಕೆ ಬಿಡಲು ಹೋದವನು ಅವಳ ಮನೆಯ ಪಡಸಾಲೆಯಲ್ಲಿ, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದೆ. ಈ ಬರಹದ ಮೊದಲ ಸಾಲು ಏನಿದೆಯೋ ಅದನ್ನೇ. ಹೇಳುವಾಗಲೂ ನನ್ನ ಕಣ್ಣು ಶೇಖರಪ್ಪನ ಮುಖ ಹುಡುಕುತ್ತಿತ್ತು, ಏನು ಮುಚ್ಚಿಟ್ಟಿದ್ದಾನೆ ಎಂದು.

ಅವನು ಏನೂ ಮುಚ್ಚಲಿಲ್ಲ. "ನನಗ ನಿದ್ದಿ ಹತ್ತಿರಲಿಲ್ರಿ ಅಣ್ಣಾರ" ಎಂದ. "ನೋಡಿದ್ದೆ. ನೀವ ಹೇಳ್ತೀರಿ ಅಂತ ಹಾದಿ ಕಾಯ್ದೆ."

ಗಿರಿಜಾ ಗಂಡನ ಕಡೆ ತಿರುಗಿದಳು. "ಗೊತ್ತಿತ್ತೇನ್ರಿ? ಮತ್ತ ನನಗರ ಹೇಳಬಾರದಿತ್ತೇನು?"

"ಹೇಳಿದ್ರ ನಂಬತಿದ್ದೇನು? ತಮ್ಮ ತಪ್ಪು ನಮ್ಮಣ್ಣನ ಮ್ಯಾಲೆ ಹಾಕತಾರ ಅಂತಿದ್ದಿ."

ಹೌದು, ಹಾಗೆಯೇ ಅನ್ನುತ್ತಿದ್ದಳು. ನನ್ನ ಮೇಲಿನ ಅವಳ ನಂಬಿಕೆಯೇ ಅವನ ಬಾಯಿ ಕಟ್ಟಿತ್ತು. ಕೈಯಲ್ಲಿದ್ದ ಫೋನನ್ನು ಅವಳು ಮೆಲ್ಲಗೆ ಗಂಡನ ತೊಡೆಯ ಹತ್ತಿರ ಚಾಪೆಯ ಮೇಲೆ ಇಟ್ಟು ಎದ್ದು ಒಳಗೆ ಹೋದಳು.

ಚಹಾ ಬರಲಿಲ್ಲ. ನಾನೂ ನಿರೀಕ್ಷಿಸಲಿಲ್ಲ. ಹೊರಟು ನಿಂತಾಗ ಬಾಗಿಲಿಗೆ ಬಂದಳು, ರೂಢಿ ತಪ್ಪಿಸಬಾರದೆಂದು. "ಬರ್ತೀನಿ ತಂಗಿ" ಎಂದೆ.

ಹೋಗಿ ಬಾ ಎನ್ನಬೇಕು. ಹಗೆಯವನಿಗೂ ನಮ್ಮಲ್ಲಿ ಹೋಗಿ ಬಾ ಎಂದೇ ಹೇಳಿ ಕಳಿಸುತ್ತಾರೆ.

"ಹೋಗಣ್ಣಾ" ಎಂದಳು. ಅಷ್ಟೇ.

ಅದಕ್ಕೆ ಮೂರು ಅರ್ಥ ಹುಡುಕಲು ಹೋಗಲಿಲ್ಲ. ಅವಳು ಏನು ಹೇಳಿದಳೋ ಅದನ್ನೇ ಹೇಳಿದ್ದಳು.

ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಮಹಾಂತೇಶನಿಗೆ ಬರೆಯಲು ಫೋನು ತೆಗೆದೆ. ರೂಢಿಯಂತೆ ಬೆರಳು ಮೊದಲು, ಬರ್ತೀನಿ ತಮ್ಮಾ, ಎಂದು ಒತ್ತಿತು. ಅಳಿಸಿದೆ. "ನಾಳೆ ನರಗುಂದಕ್ಕ ನಿನ್ನ ಮನಿಗೆ ಬರಾಕತ್ತೇನಿ. ನಿನ್ನ ಫೋನ್ ತಗದಾಂವ ನಾನು. ಶೇಖರಪ್ಪ ಅಲ್ಲ" ಎಂದು ಪೂರ್ತಿ ಬರೆದು ಕಳಿಸಿದೆ. ಅವನು ಓದಿದ ಗುರುತು ಬಂದಿದೆ. ಉತ್ತರ ಬಂದಿಲ್ಲ. ಬಾರದಿದ್ದರೂ ನಾಳೆ ಹೋಗುತ್ತೇನೆ. ಅವನ ಬಾಗಿಲು ಮುಚ್ಚಿದ್ದರೆ ಹೊರಗಿನ ಕಟ್ಟೆಯ ಮೇಲೆ ಕೂರುತ್ತೇನೆ.