ಗಂಟು ಹಾಕದ ಹೊಲಿಗೆ

2007ರಲ್ಲಿ, ಸಿಂಗಪುರದ ಕಲ್ಲಾಂಗ್‌ನಲ್ಲಿ ನಾವು ಬಾಡಿಗೆಗಿದ್ದ ಹಳೆಯ ಕಟ್ಟಡವನ್ನು ಬಿಲ್ಡರ್ ಒಬ್ಬರು ಇಡಿಯಾಗಿ ಕೊಂಡರು. ಆರು ತಿಂಗಳಲ್ಲಿ ಎಲ್ಲರೂ ಖಾಲಿ ಮಾಡಬೇಕಿತ್ತು. ಈಗ ಅದು ನೆನಪಾದದ್ದು ಹೊಲಿಗೆ ಡಬ್ಬಿಯಲ್ಲಿ ಸಿಕ್ಕ ಬಿಳಿ ನೂಲಿನ ರೀಲಿನಿಂದ. ಅರ್ಧ ಮುಗಿದಿದೆ. ಪಕ್ಕದ ಮನೆಯ ಆಂಟಿಯದು.

ಆಂಟಿ ಯೆಹೂದಿ. ವಯಸ್ಸು ಎಪ್ಪತ್ತು ದಾಟಿತ್ತು, ಒಬ್ಬರೇ ಇದ್ದರು. ಅಜ್ಜನ ಕಾಲದಲ್ಲಿ ಬಾಗ್ದಾದಿನಿಂದ ಬಂದ ಮನೆತನ. ಅವರ ಬಾಗಿಲ ಚೌಕಟ್ಟಿಗೆ ಬೆರಳುದ್ದದ ಕೊಳವೆಯೊಂದನ್ನು ಓರೆಯಾಗಿ ಹೊಡೆದಿದ್ದರು; ಒಳಗೆ ಚರ್ಮದ ಮೇಲೆ ಬರೆದ ಪ್ರಾರ್ಥನೆ. ಹೋಗುವಾಗ ಬರುವಾಗ ಅದನ್ನು ಮುಟ್ಟಿ ಬೆರಳಿಗೆ ಮುತ್ತಿಡುತ್ತಿದ್ದರು. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ. ಸಾಲು ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಬಾಣಲೆಗೆ ಮಾಂಸ ಸೋಕಿದೆಯೇ ಎಂದು ವಿಚಾರಿಸದೆ ಊಟ ಮಾಡದ, ಬಾಗಲಕೋಟೆಯ ನನ್ನ ಹೆಂಡತಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಶುಕ್ರವಾರ ಸೂರ್ಯ ಮುಳುಗಿದರೆ ಶನಿವಾರ ಕತ್ತಲಾಗುವವರೆಗೆ ಆಂಟಿ ಒಲೆ ಹಚ್ಚುತ್ತಿರಲಿಲ್ಲ, ಸ್ವಿಚ್ಚು, ಸೂಜಿ ಮುಟ್ಟುತ್ತಿರಲಿಲ್ಲ.

“ದೇವರೇ ಒಂದು ದಿನ ಸುಮ್ಮನೆ ಕೂತ. ನಾನೇನು ಅವನಿಗಿಂತ ಬ್ಯುಸಿನಾ?” ಎನ್ನುತ್ತಿದ್ದರು. ಅವರ ಸಿಂಗಪುರದ ಇಂಗ್ಲಿಷನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ; ಅಲ್ಲಿಯವರು ಮಾತಿನ ಕೊನೆಗೆ ಸೇರಿಸುವ ‘ಲಾ’ ಮಾತ್ರ ಹಾಗೇ ಉಳಿದಿದೆ.

ಉಳಿದ ದಿನಗಳಲ್ಲಿ ಹೊಲಿಯುತ್ತಿದ್ದರು... ಸತ್ತವರ ಉಡುಪು. ಬಿಳಿ ಹತ್ತಿಯ ಅಂಗಿ, ಪಾಯಜಾಮ, ಟೋಪಿ. ಜೇಬಿಲ್ಲ. ಬಡವರಿಗೂ ಸಿರಿವಂತರಿಗೂ ಒಂದೇ. ಅವರಲ್ಲಿ ಆದಷ್ಟು ಬೇಗ ಹೂಳಬೇಕು, ಹಾಗಾಗಿ ಉಡುಪು ಮೊದಲೇ ತಯಾರಿರಬೇಕು. ಹಿಂದೆ ಮೂವರು ಹೆಂಗಸರು ಹೊಲಿಯುತ್ತಿದ್ದರಂತೆ. ಇಬ್ಬರು ತೀರಿಕೊಂಡರು, ಅವರಿಗೂ ಆಂಟಿಯೇ ಹೊಲಿದಿದ್ದರು. ಈಗ ತಮ್ಮದನ್ನು ಹೊಲಿಯುತ್ತಿದ್ದರು. ಕಣ್ಣಿನ ನರ ಸೋಲುತ್ತಿದೆ, ಆಪರೇಷನ್‌ನಿಂದ ಪ್ರಯೋಜನವಿಲ್ಲ ಎಂದು ಡಾಕ್ಟರ್ ಹೇಳಿದ್ದರು. ದೃಷ್ಟಿ ಹೋಗುವುದರೊಳಗೆ ಮುಗಿಸಬೇಕಿತ್ತು.

“ನಮ್ಮಲ್ಲೂ ಸುಡಲ್ಲ ಆಂಟಿ, ಹೂಳ್ತೀವಿ. ಕೂರಿಸಿ,” ಎಂದಳು ಹೆಂಡತಿ.

“ಕೂರಿಸಿ? ಆಮೇಲೂ ಕೂತೇ ಇರ್ಬೇಕಾ? ಸುಸ್ತಾಗಲ್ವಾ ಲಾ?”

ನಕ್ಕು ಅಂಗಿಯ ಒಂದು ತೋಳನ್ನು ಹೆಂಡತಿಯ ಕೈಗಿಟ್ಟರು. ಅವಳು ಮಧ್ಯಾಹ್ನವೆಲ್ಲ ಕೂತು, ಅಮ್ಮ ಕಲಿಸಿದಂತೆ ಒತ್ತೊತ್ತಾಗಿ ಹೊಲಿದು, ಕೊನೆಗೆ ಬಿಗಿಯಾಗಿ ಗಂಟು ಹಾಕಿ ಕೊಟ್ಟಳು. ಆಂಟಿ ಹೊಲಿಗೆಯ ಮೇಲೆ ಬೆರಳಾಡಿಸಿದರು. ಬೆರಳು ನಿಂತಿತು.

“ಗರ್ಲ್, ಗಂಟು ಹಾಕಿದ್ದೀಯ.”

“ಹಾಕದಿದ್ರೆ ಬಿಚ್ಚಿ ಹೋಗಲ್ವಾ ಆಂಟಿ?”

“ಹೋಗ್ಲಿ. ಮಣ್ಣಲ್ಲಿ ಗಟ್ಟಿಯಾಗಿ ಉಳ್ಕೊಂಡು ಏನು ಮಾಡ್ಬೇಕು?”

ಪೂರ್ತಿ ಬಿಚ್ಚಿದರು. ಆಮೇಲೆ ಹೆಂಡತಿಯ ಕೆಲಸ ನೂಲು ಪೋಣಿಸುವುದಷ್ಟೇ ಆಯಿತು. ದಿನಕ್ಕೆ ಹತ್ತು ಸೂಜಿ ಪೋಣಿಸಿ ಇಟ್ಟುಬರುತ್ತಿದ್ದಳು. ಆಂಟಿ ಹೊಲಿಯುತ್ತಿದ್ದರು. ಮೂರು ತಿಂಗಳಲ್ಲಿ ಪಾಯಜಾಮದ ಒಂದು ಕಾಲಿನ ಅಂಚು ಮಾತ್ರ ಉಳಿಯಿತು.

ಒಂದು ಶುಕ್ರವಾರ ಬೆಳಿಗ್ಗೆ ಅವರು ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಪಾಯಜಾಮ. ಆ ವರ್ಷ ಬ್ಯಾಂಕ್ ಕೆಲಸಕ್ಕೆ ಬಂದಿದ್ದ ಯೆಹೂದಿಯೊಬ್ಬರ ಹೆಂಡತಿ ದಿಢೀರನೆ ತೀರಿಕೊಂಡಿದ್ದಳು. ಸೂರ್ಯ ಮುಳುಗುವ ಮೊದಲು ಹೂಳಬೇಕು. ಬೇರೆ ಉಡುಪು ಇರಲಿಲ್ಲ.

“ಒಂದು ಸೂಜಿ ಪೋಣಿಸಿ ಕೊಡು, ಗರ್ಲ್.”

“ಆಂಟಿ, ಇದು ನಿಮ್ಮದಲ್ವಾ?”

“ಅವಳಿಗೆ ಕಾಯೋಕಾಗಲ್ಲ. ನನಗೆ ಆಗುತ್ತೆ.”

ನಮ್ಮ ಊಟದ ಮೇಜಿನ ಮೇಲೇ ಅಂಚು ಮುಗಿಸಿದರು. ಸತ್ತವಳನ್ನು ಅವರು ಒಮ್ಮೆಯೂ ನೋಡಿರಲಿಲ್ಲ.

ಭಾನುವಾರ ಹೊಸ ಬಟ್ಟೆ ಕತ್ತರಿಸಿದರು. ಹೆಂಡತಿ ಹತ್ತು ಸೂಜಿ ಪೋಣಿಸಿಟ್ಟಳು. ಸಂಜೆ ಹೋಗಿ ನೋಡಿದಾಗ ಅಂಗಿಯ ತೋಳು ಮೇಜಿನ ಹೊದಿಕೆಗೆ ಸೇರಿ ಹೊಲಿದುಹೋಗಿತ್ತು. ಆಂಟಿಗೆ ಗೊತ್ತಾಗಿರಲಿಲ್ಲ. ಇನ್ನೂ ಒಂದು ವಾರ ಪ್ರಯತ್ನಿಸಿದರು... ಆಮೇಲೆ ನೂಲಿನ ರೀಲನ್ನು ನಮಗೆ ಕೊಟ್ಟುಬಿಟ್ಟರು. ಮನೆ ಬಿಡುವ ದಿನ ಚೌಕಟ್ಟಿನ ಕೊಳವೆ ಕಿತ್ತುಕೊಂಡು ತಂಗಿಯ ಮಗಳ ಮನೆಗೆ ಹೋದರು. ನಾವು ಸೆಂಗ್‌ಕಾಂಗ್‌ಗೆ ಶಿಫ್ಟ್ ಆದೆವು. ಎರಡು ಸಲ ನೋಡಿಬಂದೆವು. ಆಮೇಲೆ ಹೋಗಲಿಲ್ಲ. ದೂರ, ಕೆಲಸ ಎಂದು ಹೇಳಿಕೊಂಡೆವು.

ನಾಲ್ಕು ವರ್ಷದ ನಂತರ ಆ ತಂಗಿಯ ಮಗಳೇ ಫೋನ್ ಮಾಡಿದಳು. ಆಂಟಿ ತೀರಿಕೊಂಡಿದ್ದರು, ಹಿಂದಿನ ದಿನವೇ ಎಲ್ಲ ಮುಗಿದಿತ್ತು. ಉಡುಪು ಯಾರು ಹೊಲಿದರು ಎಂದು ಹೆಂಡತಿ ಕೇಳಿದಳು. ಹೊರದೇಶದಿಂದ ಪಾರ್ಸೆಲ್‌ನಲ್ಲಿ ತರಿಸಿಟ್ಟಿದ್ದರಂತೆ. ಅಳತೆ ದೊಡ್ಡದಾಗಿತ್ತು. ತೋಳು ಎರಡು ಸಲ ಮಡಚಿದರಂತೆ.